ಅಟ್ಟದ ಮೇಲಿನ ಕ್ಯಾಸೆಟ್ಟು: ಮನೆಯ ದನಿಗಳನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ

ಮದುವೆಮನೆಯ ಸೋಬಾನೆ, ಅಜ್ಜಿ ಹೇಳಿದ ಹಾಡು, ದೇವಸ್ಥಾನದ ಅಂಗಳದಲ್ಲಿ ಬೆಳಗಿನವರೆಗೂ ನಡೆದ ತಾಳಮದ್ದಲೆ, ಗಲ್ಫಿಗೆ ಹೋದ ಮಗ ಮಾತಾಡಿ ಊರಿಗೆ ಹೊರಟವರ ಕೈಯಲ್ಲಿ ಕಳಿಸಿದ ‘ಕಾಗದ’. 1980, 90ರ ದಶಕಗಳಲ್ಲಿ ಇವೆಲ್ಲ ಉಳಿದದ್ದು ಕ್ಯಾಸೆಟ್ಟಿನಲ್ಲಿ. ಈಗ ಕ್ಯಾಸೆಟ್ಟು ಇದೆ, ಹಾಕಲು ಯಂತ್ರವಿಲ್ಲ. ಸೋನಿ ಕಂಪನಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ಮಾಡುವುದನ್ನು ನಿಲ್ಲಿಸಿದ್ದು 2010ರಲ್ಲಿ. ಒಳ್ಳೆಯ ಡೆಕ್‌ಗಳು, ಅಂದರೆ ಮೇಜಿನ ಮೇಲಿಡುವ ದೊಡ್ಡ ಕ್ಯಾಸೆಟ್ ಯಂತ್ರಗಳು, ಅದಕ್ಕೂ ಮೊದಲೇ ಅಂಗಡಿಯಿಂದ ಮರೆಯಾಗಿದ್ದವು. ಜೋಪಾನವಾಗಿಟ್ಟ ಟೇಪು ಇನ್ನೂ ಹಲವು ವರ್ಷ ಬಾಳೀತು. ಬೇಗ ಕಳೆದುಹೋಗುತ್ತಿರುವುದು ಯಂತ್ರ, ಅದನ್ನು ರಿಪೇರಿ ಮಾಡುವ ಕೈ ಮತ್ತು ದನಿ ಕೇಳಿದ ಕೂಡಲೇ ‘ಇದು ಇಂಥವರದ್ದು’ ಎನ್ನಬಲ್ಲ ಹಿರಿಯರು. ಇವುಗಳಲ್ಲಿ ಮೂರನೆಯದಕ್ಕೆ ಬದಲಿ ಸಾಮಾನು ಸಿಗುವುದಿಲ್ಲ. ಹಾಗಾಗಿ ಕೆಲಸದ ಕ್ರಮವನ್ನು ಅವರನ್ನು ನೋಡಿ ಹಾಕಿಕೊಳ್ಳಿ: ಯಾರ ಗುರುತು ಹಿಡಿಯಲು ಒಬ್ಬರೇ ಹಿರಿಯರು ಉಳಿದಿದ್ದಾರೋ ಆ ಕ್ಯಾಸೆಟ್ಟು ಮೊದಲು.

ಮೊದಲು ವಿಂಗಡಣೆ

ಎಲ್ಲವನ್ನೂ ಕೆಳಗಿಳಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆದ ಸಣ್ಣ ಚೀಟಿ ಹಚ್ಚಿ. ಡಬ್ಬಿಯ ಕಾಗದದ ಎರಡೂ ಬದಿ, ಕ್ಯಾಸೆಟ್ಟಿನ ಎರಡೂ ಮುಖ, ಹೀಗೆ ನಾಲ್ಕು ಫೋಟೊ ತೆಗೆಯಿರಿ. ಒಳಕಾಗದದ ಹಿಂದೆ ಪೆನ್ಸಿಲಿನಲ್ಲಿ ಗೀಚಿದ ತಾರೀಖು ಎಷ್ಟೋ ಸಲ ಇರುವ ಒಂದೇ ಸುಳಿವು.

ಕಂಪನಿಯವರು ಅಚ್ಚು ಹಾಕಿದ ಸಿನಿಮಾ ಹಾಡು, ಭಾವಗೀತೆಗಳ ಕ್ಯಾಸೆಟ್ಟುಗಳಿಗೆ ಈಗ ಸಮಯ ಕೊಡಬೇಡಿ. ಅವುಗಳಲ್ಲಿ ಹೆಚ್ಚಿನವು ಬೇರೆ ಕಡೆ ಸಿಗುತ್ತವೆ. ಆದರೆ ಬಿಸಾಡುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ಚೌಕ ತೂತು ನೋಡಿ. ಅಚ್ಚಿನ ಕ್ಯಾಸೆಟ್ಟಿಗೆ ಅಲ್ಲಿ ತೂತು ಇರಲೇಬೇಕು. ಆ ತೂತಿನ ಮೇಲೆ ಸೆಲೋಟೇಪ್ ಅಂಟಿಸಿದ್ದರೆ ಅಥವಾ ಕಾಗದ ತುರುಕಿದ್ದರೆ, ಹೊರಗೆ ಸಿನಿಮಾ ಹೆಸರಿದ್ದರೂ ಒಳಗೆ ಮನೆಯವರ ದನಿ ಇದೆ ಎಂದೇ ತಿಳಿಯಿರಿ. ಹೊಸ ಕ್ಯಾಸೆಟ್ಟು ಕೊಳ್ಳುವ ಬದಲು ಹಳೆಯದರ ಮೇಲೇ ರೆಕಾರ್ಡ್ ಮಾಡುವುದು ಆಗ ಅನೇಕ ಮನೆಗಳ ರೂಢಿ.

ಮನೆಯ ಕ್ಯಾಸೆಟ್ಟುಗಳಲ್ಲಿ ಅದೇ ಜಾಗದ ಪ್ಲಾಸ್ಟಿಕ್ ನಾಲಗೆಗಳನ್ನು ಈಗಲೇ ಮುರಿದುಬಿಡಿ, ಅಂಟಿಸಿದ್ದನ್ನು ಕಿತ್ತುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಅಷ್ಟು ಭಾಗ ಅಳಿದೇ ಹೋಗುತ್ತದೆ, ಯಾವ ತಂತ್ರದಿಂದಲೂ ವಾಪಸು ಬರುವುದಿಲ್ಲ.

ಯಂತ್ರ

ಯುಎಸ್‌ಬಿ ಇರುವ ಅಗ್ಗದ ಪುಟ್ಟ ಕ್ಯಾಸೆಟ್ ಪ್ಲೇಯರುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವುಗಳನ್ನು ಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ಮೋಟಾರು ಹಗುರ, ವೇಗ ಅಲುಗಾಡುತ್ತದೆ. ಎಳೆದು ಹಾಡಿದ ಸ್ವರ ನಡುಗಿದಂತೆ ಕೇಳುತ್ತದೆ, ಆ ನಡುಕವನ್ನು ಆಮೇಲೆ ತೆಗೆಯಲಾಗದು. ನೆಂಟರ ಮನೆಯಲ್ಲೋ ಹಳೇ ಸಾಮಾನಿನ ಅಂಗಡಿಯಲ್ಲೋ ಒಂದು ಸ್ಟೀರಿಯೊ ಡೆಕ್ ಹುಡುಕಿ. ಹಿಂಬದಿಯಲ್ಲಿ ಕೆಂಪು-ಬಿಳಿ ‘ಲೈನ್ ಔಟ್’ ತೂತು ಇದ್ದರೆ ಅದೇ ಸರಿಯಾದದ್ದು. ಅದು ಸಿಗದಿದ್ದರೆ ಗಟ್ಟಿಯಾದ ಟೂ-ಇನ್-ಒನ್ (ರೇಡಿಯೊ, ಕ್ಯಾಸೆಟ್ ಎರಡೂ ಇರುವ ಸೆಟ್) ಆದೀತು, ಹೆಡ್‌ಫೋನ್ ತೂತು ಇದ್ದರೆ ಸಾಕು. ಹೊರದೇಶದಿಂದ ತಂದ ಸೆಟ್ ಆದರೆ ಪ್ಲಗ್ ಹಾಕುವ ಮೊದಲು ಹಿಂದಿನ ವೋಲ್ಟೇಜ್ ಸ್ವಿಚ್ಚು ನೋಡಿ. 110ರಲ್ಲಿ ನಿಂತಿದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ.

ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಮೊದಲು ಕೆಡುವುದು ರಬ್ಬರ್ ಬೆಲ್ಟು. ಸಡಿಲವಾಗಿದ್ದರೆ ಹಾಡು ನಿಧಾನವಾಗಿ ಎಳೆಯುತ್ತದೆ. ಕರಗಿ ಅಂಟಾಗಿದ್ದರೆ ಮೋಟಾರಿನ ಸದ್ದು ಬರುತ್ತದೆ, ಚಕ್ರ ತಿರುಗುವುದಿಲ್ಲ. ಹಳೆಯ ಬೆಲ್ಟನ್ನು ಮಡಿಸಿ ಅಳೆದು, ಅದಕ್ಕಿಂತ ಶೇ. 5ರಷ್ಟು ಚಿಕ್ಕದನ್ನು ಹಾಕಿಸಿ, ಹಳೆಯದು ಹಿಗ್ಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ, ಊರಿನ ಹಳೇ ರೇಡಿಯೊ ರಿಪೇರಿಯವರಲ್ಲಿ ವಿಚಾರಿಸಿ.

ಶುಚಿ ಮಾಡಲು ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಹೆಡ್ಡಿನ, ಅಂದರೆ ಟೇಪಿನಿಂದ ದನಿ ಓದುವ ಭಾಗದ, ಮೇಲೆ ಜಿಡ್ಡಾಗಿ ಕೂರುತ್ತದೆ. ಹತ್ತಿಕಡ್ಡಿ ಅದ್ದಿ ಹೆಡ್ಡನ್ನೂ ಪಕ್ಕದ ತೆಳು ಉಕ್ಕಿನ ಕಡ್ಡಿಯನ್ನೂ ಒರೆಸಿ, ಹತ್ತಿ ಕಂದುಬಣ್ಣ ಬಿಡುವುದು ನಿಲ್ಲುವವರೆಗೆ. ಕಪ್ಪು ರಬ್ಬರ್ ಉರುಳೆಗೆ ಮಾತ್ರ ಸೋಪಿನ ನೀರಿನ ಹತ್ತಿ, ಆಮೇಲೆ ಬರಿ ನೀರಿನದು. ಆಲ್ಕೊಹಾಲ್ ಪದೇಪದೇ ತಾಗಿದರೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಹೆಚ್ಚಿನ ಸಲ ಆ ಉರುಳೆ ಜಿಡ್ಡಾಗಿದ್ದರೇ ಯಂತ್ರ ಟೇಪು ‘ತಿನ್ನುವುದು’. ಎಲ್ಲ ಮುಗಿದ ಮೇಲೂ ಮೊದಲು ಹಾಕಬೇಕಾದ್ದು, ಹೋದರೂ ಚಿಂತೆಯಿಲ್ಲದ ಒಂದು ಸಿನಿಮಾ ಕ್ಯಾಸೆಟ್ಟು. ಎರಡೂ ಬದಿ ಪೂರ್ತಿ ಓಡಲಿ. ಅಜ್ಜಿಯ ದನಿಯಲ್ಲಿ ಯಂತ್ರ ಪರೀಕ್ಷೆ ಮಾಡಬೇಡಿ.

ಕೇಬಲ್ಲು ಮತ್ತು ಸೌಂಡ್ ಕಾರ್ಡು

ಲ್ಯಾಪ್‌ಟಾಪಿನ ಒಂದೇ ತೂತು ಹೆಡ್‌ಸೆಟ್ಟಿಗೆ ಮಾಡಿದ್ದು. ಅದರ ಒಳಬರುವ ದಾರಿ ಮೈಕಿನದು, ಒಂದೇ ಚಾನೆಲ್. ಡೆಕ್ಕಿನ ಜೋರಾದ ಸಂಕೇತವನ್ನು ಅಲ್ಲಿಗೆ ಕೊಟ್ಟರೆ ದನಿ ಒಡೆದು ಕರಕರ ಎನ್ನುತ್ತದೆ. ಸ್ಟೀರಿಯೊ ‘ಲೈನ್ ಇನ್’ ಇರುವ ಯುಎಸ್‌ಬಿ ಸೌಂಡ್ ಕಾರ್ಡು ಬೇಕು. ಬೆಹ್ರಿಂಗರ್ ಯುಸಿಎ202ರಂಥ ಸರಳವಾದದ್ದೂ ಕ್ಯಾಸೆಟ್ಟಿಗೆ ಸಾಕು. ಡೆಕ್ಕಿನಿಂದ ಕಾರ್ಡಿಗೆ ಕೆಂಪು-ಬಿಳಿ ಕೇಬಲ್ಲು, ಟೂ-ಇನ್-ಒನ್ ಆದರೆ ಒಂದು ತುದಿಗೆ 3.5 ಮಿಲಿಮೀಟರ್ ಪಿನ್ನು, ಇನ್ನೊಂದು ತುದಿಗೆ ಕೆಂಪು-ಬಿಳಿ. ಹೆಡ್‌ಫೋನ್ ತೂತಿನಿಂದ ತೆಗೆಯುವಾಗ ವಾಲ್ಯೂಮ್ ಮೂರನೇ ಒಂದು ಭಾಗದಲ್ಲಿರಲಿ; ಬಾಸ್, ಟ್ರೆಬಲ್ ನಡುವೆ ನಿಲ್ಲಲಿ.

ಜೋಡಿಸಿದ ಕೂಡಲೇ ‘ಗುಂಯ್’ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಹೆಚ್ಚಿನ ಸಲ ಅಷ್ಟಕ್ಕೇ ನಿಲ್ಲುತ್ತದೆ. ಎರಡು ಯಂತ್ರಗಳ ಅರ್ಥಿಂಗಿನ ನಡುವೆ ಸುತ್ತುವ 50 ಹರ್ಟ್ಸ್ ಕರೆಂಟಿನ ಸದ್ದು ಅದು.

ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡುವವರಿದ್ದಾರೆ. ಫ್ಯಾನು, ಕಾಗೆ, ಕುಕ್ಕರಿನ ಸೀಟಿ ಎಲ್ಲವೂ ಸೇರಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ದುರ್ಬಲವಾದ ಟೇಪು ಒಂದೇ ಸಲ ಓಡುವಷ್ಟು ಉಳಿದಿರಬಹುದು; ಆ ಒಂದು ಓಟವನ್ನು ಹೀಗೆ ಕಳೆಯಬಾರದು.

ಕ್ಯಾಸೆಟ್ಟಿನ ರಿಪೇರಿ

ಕ್ಯಾಸೆಟ್ಟಿನ ತೆರೆದ ಬಾಯಿಯ ನಡುವೆ, ಟೇಪಿನ ಹಿಂದೆ, ತೆಳು ಹಿತ್ತಾಳೆಬಣ್ಣದ ಸ್ಪ್ರಿಂಗಿನ ಮೇಲೆ ಒಂದು ಫೆಲ್ಟ್ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅದರ ಅಂಟು ಒಣಗಿ ಉದುರಿದ್ದರೆ ದನಿ ಬಾವಿಯೊಳಗಿಂದ ಬಂದಂತೆ ಮಂಕಾಗಿ, ಹೋಗಿ-ಬಂದು ಕೇಳುತ್ತದೆ. ಟೇಪು ಹಾಳಾಯಿತೆಂದು ಬಿಸಾಡಿದ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಕಳೆದಿದ್ದದ್ದು ಈ ತುಂಡು ಮಾತ್ರ. ಬೇಡದ ಕ್ಯಾಸೆಟ್ಟೊಂದನ್ನು ಬಿಚ್ಚಿ, ಅದರ ಚಿಪ್ಪಿಗೆ ನಿಮ್ಮ ಎರಡು ಸುರುಳಿಗಳನ್ನು ವರ್ಗಾಯಿಸಿ. ಐದು ಸ್ಕ್ರೂ ಇರುವ ಚಿಪ್ಪನ್ನೇ ಆರಿಸಿ. ಸ್ಕ್ರೂ ಇಲ್ಲದ, ಬೆಸೆದ ಚಿಪ್ಪಿನೊಳಗೆ ನಿಮ್ಮ ಟೇಪು ಇದ್ದರೆ ಅಂಚಿನ ಗೆರೆಯಲ್ಲಿ ತೆಳು ಬ್ಲೇಡು ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಬ್ಲೇಡು 2 ಮಿಲಿಮೀಟರಿಗಿಂತ ಒಳಗೆ ಹೋಗಬಾರದು. ಬಿಚ್ಚುವಾಗ ಕ್ಯಾಸೆಟ್ಟು ಮೇಜಿನ ಮೇಲೆ ಮಲಗಿರಲಿ. ಎತ್ತಿದರೆ ಸುರುಳಿ ಕಳಚಿ 90 ಮೀಟರ್ ಟೇಪು ನೆಲದ ಮೇಲಿರುತ್ತದೆ. 60 ನಿಮಿಷದ ಕ್ಯಾಸೆಟ್ಟಿನ ಟೇಪಿನ ಉದ್ದ ಅಷ್ಟು.

ತುಂಡಾದ ಟೇಪಿಗೆ ಸೆಲೋಟೇಪ್ ಹಾಕಲೇಬಾರದು. ಅದರ ಅಂಟು ಸೆಕೆಗೆ ಹೊರಗೆ ಹರಿದು ಮುಂದಿನ ಸುತ್ತಿಗೆ ಮೆತ್ತಿಕೊಳ್ಳುತ್ತದೆ. ಸ್ಪ್ಲೈಸಿಂಗ್ ಟೇಪ್ ಎಂದೇ ಕೇಳಿ ತರಿಸಿ. ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು 45 ಡಿಗ್ರಿ ಓರೆಯಾಗಿ ಕತ್ತರಿಸಿ, ತುದಿಗೆ ತುದಿ ಕೂಡಿಸಿ, ಹೊಳಪಿನ ಹಿಂಬದಿಗೆ ಮಾತ್ರ ಅಂಟಿಸಿ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ನುಜ್ಜಾದ 1 ಸೆಂಟಿಮೀಟರ್ ಕತ್ತರಿಸಿದರೆ ಹೋಗುವುದು ಒಂದು ಸೆಕೆಂಡಿನ ಐದನೇ ಒಂದು ಭಾಗ, ಧೈರ್ಯವಾಗಿ ಕತ್ತರಿಸಿ. ನುಜ್ಜಾಗಿದ್ದರೂ ತುಂಡಾಗದ ಟೇಪನ್ನು ಮಾತ್ರ ಮುಟ್ಟಬೇಡಿ, ಹಾಗೇ ಓಡಿಸಿ.

ಮಲೆನಾಡು, ಕರಾವಳಿಯ ಮನೆಗಳ ದೊಡ್ಡ ಕಾಟ ಬೂಷ್ಟು. ಚಿಪ್ಪಿನ ಕಿಟಕಿಯಲ್ಲಿ ಸುರುಳಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಡಿ. ಬಿಸಿಲಿಗೆ ಒಡ್ಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಹೊರಗೆ ಜಗಲಿಯಲ್ಲಿ ಚಿಪ್ಪು ಬಿಚ್ಚಿ, ಸುರುಳಿಯ ಅಂಚುಗಳನ್ನು ಮೆತ್ತನೆಯ ಒಣ ಬ್ರಷ್ಷಿನಿಂದ ಉಜ್ಜಿ, ಹೊಸ ಚಿಪ್ಪಿಗೆ ಹಾಕಿ. ಇವನ್ನು ಎಲ್ಲಕ್ಕಿಂತ ಕೊನೆಗೆ ಓಡಿಸಿ. ಪ್ರತಿ ಸಲ ಹೆಡ್ಡು ಒರೆಸಿ.

120 ನಿಮಿಷದ ಕ್ಯಾಸೆಟ್ಟುಗಳ ಟೇಪು ಬಹಳ ತೆಳು, 60 ನಿಮಿಷದ್ದರ ಅರ್ಧದಷ್ಟೇ ದಪ್ಪ. ತಾಳಮದ್ದಲೆಗೆ ಜನ ಅದನ್ನೇ ಕೊಳ್ಳುತ್ತಿದ್ದದ್ದು ಸಹಜ, ಮಾತಿನ ನಡುವೆ ಬದಿ ತಿರುಗಿಸುವ ಗೋಜು ಕಡಿಮೆ. ಇವನ್ನು ಯಂತ್ರದಲ್ಲಿ ರಿವೈಂಡ್ ಮಾಡದೆ ಆರು ಮೂಲೆಯ ಪೆನ್ಸಿಲಿನಿಂದ ಕೈಯಲ್ಲೇ ಸುತ್ತಿ. ಉಳಿದವನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಆಮೇಲೆ ಪ್ಲೇ ಮಾಡಿ. ಅಂಟಿಕೊಂಡ ಸುತ್ತುಗಳು ಬಿಟ್ಟುಕೊಳ್ಳುತ್ತವೆ.

ಹೆಡ್ಡಿನ ಓರೆ: ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ

ದನಿ ಕಂಬಳಿ ಹೊದ್ದಂತೆ ಕೇಳುತ್ತಿದ್ದರೆ, ಫೆಲ್ಟು ಸರಿಯಿದ್ದರೆ, ದೋಷ ಹೆಡ್ಡಿನ ಕೋನದ್ದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆಯಾಗಿತ್ತೋ ಕೇಳಿಸುವ ಯಂತ್ರದ ಹೆಡ್ಡೂ ಅಷ್ಟೇ ಓರೆಯಾಗಿರಬೇಕು. ಮನೆಯ ರೆಕಾರ್ಡರುಗಳಲ್ಲಿ ಒಂದೊಂದಕ್ಕೂ ಒಂದೊಂದು ಓರೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಸ್ಕ್ರೂ ಇದೆ. ಅದರ ಈಗಿನ ಸ್ಥಾನಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ. ಕ್ಯಾಸೆಟ್ಟು ಓಡುತ್ತಿರುವಾಗ ಅಯಸ್ಕಾಂತವಲ್ಲದ ಸ್ಕ್ರೂಡ್ರೈವರಿನಿಂದ ಎಂಟನೇ ಒಂದು ಸುತ್ತು ಅತ್ತ, ಎಂಟನೇ ಒಂದು ಸುತ್ತು ಇತ್ತ ತಿರುಗಿಸುತ್ತ ಹೆಡ್‌ಫೋನಿನಲ್ಲಿ ಕೇಳಿ. ‘ಸ’, ‘ಶ’, ‘ಚ’ ಅಕ್ಷರಗಳು, ಹಿಮ್ಮೇಳವಿದ್ದರೆ ತಾಳದ ಕಿಣಿ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ, ಬೇಕಾದರೆ ಪ್ರತಿ ಬದಿಗೂ ಇದನ್ನು ಮಾಡಬೇಕು. ಈ ಎರಡು ನಿಮಿಷದ ಕೆಲಸದಿಂದ ಸಿಗುವ ಸ್ಪಷ್ಟತೆಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಕೊಡಲಾರದು. ತಾನೇ ಬದಿ ಬದಲಿಸುವ ಆಟೊ ರಿವರ್ಸ್ ಇದ್ದರೆ ಬಳಸಬೇಡಿ, ತಿರುಗಿದಾಗ ಹೆಡ್ಡಿನ ಓರೆ ಬದಲಾಗುತ್ತದೆ. ಕೈಯಿಂದಲೇ ತಿರುವಿ ಹಾಕಿ. ಹಿಸ್ಸೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ.

ರೆಕಾರ್ಡಿಂಗ್

ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ಧ್ವನಿ ಸಂಗ್ರಹಾಲಯಗಳು ಹೇಳುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್; ಸ್ಟೀರಿಯೊದಲ್ಲೇ ತೆಗೆಯಿರಿ. ನಿಮ್ಮ ಕಾರ್ಡು 16 ಬಿಟ್ಟಿನದಾದರೆ ಅದೇ ಇರಲಿ. ಕ್ಯಾಸೆಟ್ಟಿನ ಹಿಸ್ಸೆನ್ನುವ ಸದ್ದಿನ ಮುಂದೆ ವ್ಯತ್ಯಾಸ ತಿಳಿಯುವುದಿಲ್ಲ. ವಿಂಡೋಸ್ ಆದರೆ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಎಲ್ಲ ಆಫ್ ಮಾಡಿ, ಕಂಪ್ಯೂಟರ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಅತಿ ಜೋರಿನ ಕಡೆ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಚಂಡೆ ಇರುವ ಯಕ್ಷಗಾನದ ಆಟದ ರೆಕಾರ್ಡಿಂಗ್ ಆದರೆ ಮೈನಸ್ 12ಕ್ಕೆ ಇಳಿಸಿ. ಸೊನ್ನೆ ಮುಟ್ಟಿ ಒಡೆದ ದನಿ ಮತ್ತೆ ಸರಿಹೋಗದು, ಕಡಿಮೆಯಾದದ್ದನ್ನು ಏರಿಸಬಹುದು.

ಟೇಪಿನ ಕೊನೆಯವರೆಗೂ ಓಡಲಿ. ಹಾಡು ಮುಗಿದು ಐದು ನಿಮಿಷ ಖಾಲಿಯಾದ ಮೇಲೆ ಯಾರೋ ಮಗುವಿನ ಹತ್ತಿರ ‘ನಿನ್ನ ಹೆಸರೇನು ಹೇಳು’ ಅಂದಿರುತ್ತಾರೆ. ಚೀಟಿಯಲ್ಲಿ ಬರೆಯದ ಇಂಥ ತುಣುಕುಗಳೇ ಮನೆಯವರಿಗೆ ಬೇಕಾದವು.

ಹಳೆಯ ಒಂದೇ ಸ್ಪೀಕರಿನ ರೆಕಾರ್ಡರಿನಲ್ಲಿ ತೆಗೆದದ್ದು ಎರಡೂ ಚಾನೆಲ್‌ಗಳಲ್ಲಿ ಒಂದೇ ತೆರ ಬರುತ್ತದೆ. ಎರಡನ್ನೂ ಬೆರೆಸಬೇಡಿ, ಓರೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೆರೆತಾಗ ತೀಕ್ಷ್ಣ ಸ್ವರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಕೇಳಿ ನೋಡಿ, ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳಿ.

ಕೆಲವರ ದನಿ ಗಿಳಿಯಂತೆ ಕೀಚಲಾಗಿ ಕೇಳಬಹುದು. ರೆಕಾರ್ಡ್ ಮಾಡುವಾಗ ಸೆಲ್ಲು ಇಳಿದು ಟೇಪು ನಿಧಾನವಾಗಿ ಓಡಿದ್ದರಿಂದ ಈಗ ಸರಿಯಾದ ವೇಗದಲ್ಲಿ ಅದು ಓಡೋಡಿ ಹೇಳಿದಂತಾಗುತ್ತದೆ. ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್’ ಇದೆ. ಎಷ್ಟು ಇಳಿಸಬೇಕೆಂಬುದಕ್ಕೆ ಶ್ರುತಿಯೇ ಅಳತೆಗೋಲು: ಯಕ್ಷಗಾನದ ಹಾಡುಗಾರರಾದ ಭಾಗವತರು ಕಪ್ಪು ಎರಡರ (ಹಾರ್ಮೋನಿಯಮ್ಮಿನ ಎರಡನೇ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುತ್ತಿದ್ದರೆಂದು ಗೊತ್ತಿದ್ದು, ಟೇಪಿನಲ್ಲಿ ಅದಕ್ಕಿಂತ ಅರ್ಧ ಸ್ವರ ಮೇಲೆ ಕೇಳಿದರೆ ವೇಗ ಸುಮಾರು ಶೇ. 6 ಹೆಚ್ಚಿದೆ. ಕರೆಂಟಿನಲ್ಲಿ ಓಡಿಸಿ ತೆಗೆದ ರೆಕಾರ್ಡಿಂಗಿನಲ್ಲಿ ಇನ್ನೊಂದು ದಾರಿ ಇದೆ. ‘ಪ್ಲಾಟ್ ಸ್ಪೆಕ್ಟ್ರಮ್’ನಲ್ಲಿ ಕೆಳಗಿನ ಗುಂಯ್‌ಸದ್ದು 50ರ ಬದಲು 54 ಹರ್ಟ್ಸಿನಲ್ಲಿ ಕಂಡರೆ ವೇಗವನ್ನು 50 ಭಾಗಿಸು 54, ಅಂದರೆ 0.926 ಪಟ್ಟಿಗೆ ಇಳಿಸಿ. ಸರಿಯಾಗಿ 50ರಲ್ಲೇ ಕಂಡದ್ದು ನಿಮ್ಮ ಇಂದಿನ ಕೇಬಲ್ಲಿನದೂ ಆಗಿರಬಹುದು, ಅದನ್ನು ನಂಬಬೇಡಿ.

ಮೂಲ ಕಡತವನ್ನು ದನಿಯ ಗುಣ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಹಾಗೇ ಇಟ್ಟು, ವೇಗ ತಿದ್ದುವುದು, ಸದ್ದು ತೆಗೆಯುವುದು ಎಲ್ಲ ನಕಲಿನಲ್ಲಿ. ಹಿಸ್ಸೆನ್ನುವುದನ್ನು 6ರಿಂದ 9 ಡೆಸಿಬೆಲ್‌ಗಿಂತ ಹೆಚ್ಚು ಕಡಿದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ಸಂದೇಹವಿದ್ದರೆ ಹಿಸ್ಸನ್ನು ಇರಲು ಬಿಡಿ. ಲೆಕ್ಕಕ್ಕೆ: 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊ ವೇವ್ ನಿಮಿಷಕ್ಕೆ ಸುಮಾರು 17 ಎಂಬಿ, 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಜಿಬಿ. 100 ಕ್ಯಾಸೆಟ್ಟಿಗೆ 155 ಜಿಬಿ. ಫ್ಲ್ಯಾಕ್ ಆದರೆ ಹೆಚ್ಚುಕಡಿಮೆ ಅರ್ಧ. ನೆಂಟರಿಗೆ ಕಳಿಸಲು 128 ಕೆಬಿಪಿಎಸ್‌ನ ಎಂಪಿ3 ಸಾಕು, ನಿಮಿಷಕ್ಕೆ 1 ಎಂಬಿಗಿಂತ ಕಡಿಮೆ. ವಾಟ್ಸ್ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ.

ಯಾರ ದನಿ?

ಹೆಸರಿಲ್ಲದ ಕಡತ ಇನ್ನೊಂದು ತಲೆಮಾರಿಗೆ ಬರಿಯ ಸದ್ದು. ರೆಕಾರ್ಡ್ ಆಗುತ್ತಿರುವಾಗಲೇ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿರಲಿ, ಅವರು ಹೇಳಿದ್ದನ್ನು ನೀವು ನಿಮಿಷ-ಸೆಕೆಂಡಿನ ಸಮೇತ ಬರೆದುಕೊಳ್ಳಿ: ‘12:40, ದೊಡ್ಡಪ್ಪ, 14:05, ಬಾಗಿಲಲ್ಲಿ ನಗುವುದು ಸಣ್ಣತ್ತೆ.’ ಒಂದೇ ಕೂರುವಿಕೆಗೆ 45 ನಿಮಿಷ, ಅಂದರೆ 90ರ ಕ್ಯಾಸೆಟ್ಟಿನ ಒಂದು ಬದಿ ಸಾಕು. ತೀರಿಹೋದವರ ದನಿ ಹಠಾತ್ತನೆ ಬಂದರೆ ಕೇಳುತ್ತಿರುವವರಿಗೆ ತಡೆಯಲಾಗದೆ ಹೋಗಬಹುದು. ಏನು ಬರಲಿದೆ ಎಂದು ಮೊದಲೇ ತಿಳಿಸಿ, ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ದಿನ ಕೂರಿ. ಅವರು ಮಧ್ಯೆ ನೆನಪಿಸಿಕೊಂಡು ಹೇಳುವುದನ್ನೂ ಮೊಬೈಲಿನಲ್ಲಿ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ.

ಕಡತದ ಹೆಸರಿನಲ್ಲಿ ಮೊದಲು ಕ್ಯಾಸೆಟ್ಟಿನ ಸಂಖ್ಯೆ, ಬದಿ, ಆಮೇಲೆ ವರ್ಷ, ಊರು, ಸಂದರ್ಭ. ವರ್ಷ ತಿಳಿಯದಿದ್ದರೆ ‘1985ರ ಆಸುಪಾಸು’ ಎಂದೇ ಬರೆಯಿರಿ, ಊಹೆಯನ್ನು ಖಚಿತವೆಂಬಂತೆ ಬರೆಯಬೇಡಿ. ಟಿಪ್ಪಣಿಗಳನ್ನು ಯೂನಿಕೋಡಿನಲ್ಲಿ ಮಾತ್ರ ಟೈಪು ಮಾಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಮಾಡಿದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ದನಿಯನ್ನು ಉಳಿಸಿ ಅದರ ವಿವರವನ್ನು ಹೀಗೆ ಕಳೆದುಕೊಂಡರೆ ಪಟ್ಟ ಪಾಡು ಅರ್ಧ ವ್ಯರ್ಥ.

ಊರಿನವರೆಲ್ಲ ಸೇರಿ ಮಾಡುವುದಾದರೆ

ಒಂದೊಂದು ಮನೆಯೂ ಡೆಕ್ ಹುಡುಕುವ ಬದಲು ಭಜನಾ ಮಂಡಳಿ, ಗ್ರಂಥಾಲಯ, ಶಾಲೆಯ ಕೋಣೆಯೊಂದರಲ್ಲಿ ಎರಡು ದಿನ ಕೂತರೆ ಕೆಲಸ ಸಲೀಸು. ಕ್ಯಾಸೆಟ್ಟು ಓಡುವಷ್ಟೇ ಸಮಯ ರೆಕಾರ್ಡಿಂಗಿಗೂ ಬೇಕು. 90ರ ಒಂದು ಕ್ಯಾಸೆಟ್ಟಿಗೆ ಶುಚಿ, ಓರೆ, ಹೆಸರು ಎಲ್ಲ ಸೇರಿ ಸುಮಾರು ಎರಡು ಗಂಟೆ. ಎಂಟು ಗಂಟೆಯ ದಿನಕ್ಕೆ ಡೆಕ್ಕೊಂದಕ್ಕೆ ನಾಲ್ಕು. ಇದಕ್ಕಿಂತ ಹೆಚ್ಚಿಗೆ ಮಾತು ಕೊಡಬೇಡಿ. ತಂದವರಿಗೆ ಸಂಖ್ಯೆ ಬರೆದ ಚೀಟಿ, ನಿಮ್ಮ ಪುಸ್ತಕದಲ್ಲಿ ಅವರ ಸಹಿ, ವಾಪಸಿನ ತಾರೀಖು ಇರಲಿ.

ಗಲ್ಫಿನ ಮಾತಿನ ಕಾಗದಗಳನ್ನು ನಾಲ್ಕು ಜನರ ಮುಂದೆ ಸ್ಪೀಕರಿನಲ್ಲಿ ಹಾಕಬಾರದು. ಟ್ರಂಕ್ ಕಾಲ್ ದುಬಾರಿಯಾಗಿದ್ದ ಕಾಲದಲ್ಲಿ ಗಂಡ ಹೆಂಡತಿಗೆ, ಮಗ ತಾಯಿಗೆ ಏಕಾಂತದಲ್ಲಿ ಹೇಳಿದ ಮಾತು ಅವು. ಸಾಲ, ಜಗಳ, ಅಳು ಎಲ್ಲ ಇರುತ್ತದೆ. ಹೆಡ್‌ಫೋನ್ ಹಾಕಿ ಮಟ್ಟ ನೋಡಿಕೊಂಡು ತೆಗೆದಿಡಿ. ಕಡತವನ್ನು ತಂದವರ ಪೆನ್‌ಡ್ರೈವಿಗೆ ಕೊಟ್ಟು ನಿಮ್ಮ ಕಂಪ್ಯೂಟರಿನಿಂದ ಅವರೆದುರೇ ಅಳಿಸಿ.

ತಾಳಮದ್ದಲೆ, ಬಯಲಾಟದ ರೆಕಾರ್ಡಿಂಗ್ ಊರಿನ ಸೊತ್ತು ಎಂಬ ಭಾವನೆ ಇದೆ, ಅದು ಸರಿಯೂ ಹೌದು. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಹಾಡನ್ನೂ, 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಲೆಯ ಅರ್ಥಗಾರಿಕೆಯನ್ನೂ (ಮಾತುಗಾರಿಕೆ) ಆಮೇಲೆ ಹುಟ್ಟಿದವರು ಕೇಳಬೇಕಾದರೆ ರೆಕಾರ್ಡಿಂಗೇ ಗತಿ. ಆದರೆ ನಮ್ಮ ಕಾನೂನಿನಲ್ಲಿ ಪ್ರದರ್ಶಕರ ಹಕ್ಕು 50 ವರ್ಷ, ಅಚ್ಚಾದ ಧ್ವನಿಮುದ್ರಣದ ಹಕ್ಕು 60 ವರ್ಷ. ಅಂತರ್ಜಾಲಕ್ಕೆ ಏರಿಸುವ ಮೊದಲು ಕಲಾವಿದರನ್ನೋ ಅವರ ಮನೆಯವರನ್ನೋ ಕೇಳಿ. ಕೇಳಿದಾಗ ಅವರ ಹತ್ತಿರವೇ ಇನ್ನಷ್ಟು ಕ್ಯಾಸೆಟ್ಟು ಇದೆಯೆಂದು ತಿಳಿಯುವುದೂ ಉಂಟು.

ಇಡುವುದು ಎಲ್ಲಿ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಒಂದು 1 ಟಿಬಿ ಹಾರ್ಡ್‌ಡಿಸ್ಕ್ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿರುವ ಮಗಳ ಹತ್ತಿರ, ಮೂರನೆಯದು ಕ್ಲೌಡಿನಲ್ಲಿ. ಪೆನ್‌ಡ್ರೈವ್ ಕೊಂಡೊಯ್ಯಲು ಸರಿ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಇಡಲು ಅಲ್ಲ. ಕರೆಂಟಿಲ್ಲದೆ ಬಿದ್ದಿದ್ದರೆ ಅದರ ನೆನಪು ಸೋರಿಹೋಗುತ್ತದೆ. ಕ್ಯಾಸೆಟ್ಟುಗಳನ್ನೂ ಬಿಸಾಡಬೇಡಿ. ಮೊದಲಿಗೆ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಜೊತೆ ಒಳಕೋಣೆಯ ಕಪಾಟಿನಲ್ಲಿಡಿ. ಹೆಂಚಿನಡಿಯ ಅಟ್ಟ ಬೇಡ, ಸ್ಪೀಕರಿನ ಪಕ್ಕವೂ ಬೇಡ. ಮದುವೆಯ ವಿಎಚ್ಎಸ್ ಕ್ಯಾಸೆಟ್ಟುಗಳಿದ್ದರೆ ಅವು ಇನ್ನೂ ಅವಸರದವು. ವಿಸಿಆರ್ ತಯಾರಿಕೆ ಜಗತ್ತಿನಲ್ಲೇ 2016ರಲ್ಲಿ ನಿಂತಿದೆ, ರಿಪೇರಿ ಮನೆಯ ಕೆಲಸವಲ್ಲ. ಈಗಲೂ ಆ ಕೆಲಸ ಮಾಡುತ್ತಿರುವ ಸ್ಟುಡಿಯೊಗೆ ಕೊಟ್ಟು ಮಾಡಿಸಿ.

ವರ್ಷಕ್ಕೊಮ್ಮೆ, ದೀಪಾವಳಿಗೆ ಎಲ್ಲರೂ ಸೇರಿದಾಗ ಎರಡೂ ಡಿಸ್ಕ್ ತೆರೆದು ಅಲ್ಲೊಂದು ಇಲ್ಲೊಂದು ಕಡತ ಓಡಿಸಿ ನೋಡಿ. ಗುರುತು ಸಿಗದ ದನಿಗಳ ಪಟ್ಟಿಯನ್ನೂ ಆಗಲೇ ಹೊರತೆಗೆಯಿರಿ. ಹೊರಗೂರಿಂದ ಬಂದ ಅತ್ತೆಯೊಬ್ಬರು ಎರಡು ಸಾಲು ಕೇಳಿ ಹೆಸರು ಹೇಳಿದರೆ, ಅಲ್ಲೇ ಬರೆದುಕೊಳ್ಳಿ.